ಮೃದಂಗದವರ ಎಡಗೈ

"ಏನೋ, ಮೃದಂಗದವರಿಗೆ ಎಡಗೈ ನೋವಾ?"

ಲಾಲ್‌ಬಾಗಿನ ಪಶ್ಚಿಮ ದ್ವಾರದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನನ್ನ ಸೋದರತ್ತೆ ಕೇಳಿದ ಪ್ರಶ್ನೆ ಇದು. ಕಾರಿಗೆ ಹೊಸ ಸ್ಪೀಕರ್ ಹಾಕಿಸಿ ಅವತ್ತಿಗೆ ಮೂರನೇ ದಿನ. ತೋರಿಸಿಕೊಳ್ಳಬೇಕೆಂಬ ಚಪಲದಿಂದಲೇ ಅವರನ್ನು ಕೂರಿಸಿಕೊಂಡು ಹೊರಟಿದ್ದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಒಂದು ನೆಪ. ಒಂದು ಒಳ್ಳೆಯ ಕಛೇರಿಯನ್ನು ಹಾಕಿ, ವಾಲ್ಯೂಮ್ ಏರಿಸಿ, ಓರೆಗಣ್ಣಲ್ಲಿ ಅವರ ಮುಖ ನೋಡುತ್ತಿದ್ದೆ. ಕಲ್ಯಾಣಿ ರಾಗದ ಕೃತಿ ಮುಗಿದು ತನಿ ಆವರ್ತನ ಶುರುವಾಗಿತ್ತು. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ನಿಲ್ಲಿಸಿ, ತಲೆ ಒಂದಿಷ್ಟು ವಾಲಿಸಿ, ಈ ಮಾತು ಆಡಿದರು. ವ್ಯಂಗ್ಯವೇನೂ ಇರಲಿಲ್ಲ. ನಿಜಕ್ಕೂ ಆ ವಿದ್ವಾಂಸರ ಆರೋಗ್ಯದ ಬಗ್ಗೆ ಕಾಳಜಿಯಿಂದ ಕೇಳಿದ ಹಾಗಿತ್ತು.

ಅತ್ತೆಗೆ ಎಪ್ಪತ್ತೆಂಟು ವರ್ಷ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಗೆ ಚಪ್ಪರ ಹಾಕಿದರೆಂದರೆ ಅವರಿಗೆ ಮನೆ ನೆನಪಾಗುವುದಿಲ್ಲ. ಹೊರಗಿನ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯುತ್ತಿದ್ದರೂ ಒಳಗಿನ ವೀಣೆಯ ಗಮಕ ಬಿಡದೆ ಹಿಡಿಯುವ ಕಿವಿ ಅದು. ವಯಸ್ಸಾಗುತ್ತಾ ಮನುಷ್ಯನ ಕಿವಿ ಮೊದಲು ಬಿಟ್ಟುಕೊಡುವುದು ತೀರಾ ಮೇಲಿನ ಸಣ್ಣ ದನಿಗಳನ್ನು. ಮಂದ್ರ ಬಹುಕಾಲ ಉಳಿಯುತ್ತದೆ. ನಾನು ದುಡ್ಡು ಕೊಟ್ಟು ತಂದಿದ್ದ ಟ್ವೀಟರಿನ ಝಿಲ್ಲೆನ್ನುವ ಹೊಳಪು ಅವರ ಮಟ್ಟಿಗೆ ಇದ್ದೂ ಇಲ್ಲದ ಹಾಗೆ. ಮೃದಂಗದ ಎಡಭಾಗದ ಗುಮುಕು ಮಾತ್ರ ಬೇಕೇ ಬೇಕು. ಅದೇ ಮಾಯವಾಗಿತ್ತು.

"ಅತ್ತೆ, ರೆಕಾರ್ಡಿಂಗೇ ಹಾಗಿರಬೇಕು" ಎಂದೆ.

"ಈ ಕಛೇರಿ ನಾನು ಮನೆ ಟೇಪಿನಲ್ಲಿ ಕೇಳಿಲ್ವೇನೋ!" ಎಂದರು. ಹಲ್ಲಿನ ಡಾಕ್ಟರ ಹತ್ತಿರ ಹೋಗುವ ತನಕ ಇಬ್ಬರೂ ಮಾತಾಡಲಿಲ್ಲ.

ಆ ಸ್ಪೀಕರಿನ ಪೂರ್ವೋತ್ತರ ಸ್ವಲ್ಪ ಹೇಳಬೇಕು. ನನ್ನದು ಹದಿಮೂರು ವರ್ಷದ ಪುಟ್ಟ ಕಾರು. ಅದರೊಂದಿಗೆ ಬಂದಿದ್ದ ಸ್ಪೀಕರುಗಳ ಕಾಗದದ ಕೋನು ಹದಿಮೂರು ಮಳೆಗಾಲ ಕಂಡು ನೆನೆದ ಹಪ್ಪಳದಂತಾಗಿ, ಅಂಚಿನಲ್ಲಿ ಹರಿದಿತ್ತು. ಯಾರೇ ಹಾಡಿದರೂ ನೆಗಡಿ ಹಿಡಿದವರಂತೆ ಕೇಳುತ್ತಿತ್ತು. ಒಂದು ಭಾನುವಾರ ಅಂಗಡಿಗೆ ಹೋದೆ. ಯಾವ ಅಂಗಡಿ ಎಂಬುದು ಬೇಡ. ಅಲ್ಲಿನ ಹುಡುಗ ಒಂದು ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಅದರ ಮೇಲೆ ಬೆಂಕಿಯ ಚಿತ್ರ, ಬೆಂಕಿಯೊಳಗೆ 300 ವ್ಯಾಟ್ ಎಂಬ ದಪ್ಪ ಅಕ್ಷರ. ನನ್ನ ಮನೆಯ ಮಿಕ್ಸಿ 500 ವ್ಯಾಟಿನದು, ಅದರ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಾರಿನ ಒಂದು ಬಾಗಿಲೊಳಗೆ ಕೂರುತ್ತದೆ ಎಂದು ನಂಬಿ ದುಡ್ಡು ಕೊಟ್ಟು ಬಂದೆ. ಡಿಗ್ರಿಯಲ್ಲಿ ಭೌತಶಾಸ್ತ್ರ ಓದಿದವನು ನಾನು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಲೆಕ್ಕ ನೋಡಿ. ಕಾರಿನ ಬ್ಯಾಟರಿ 12 ವೋಲ್ಟಿನದು, ಇಂಜಿನ್ ಓಡುತ್ತಿದ್ದರೆ 14ರ ಆಸುಪಾಸು. ಅಷ್ಟು ವೋಲ್ಟಿನಲ್ಲಿ 4 ಓಮಿನ ಒಂದು ಸ್ಪೀಕರಿಗೆ ಸ್ಟೀರಿಯೊ ಒಳಗಿನ ಚಿಪ್ಪು ಶುದ್ಧವಾಗಿ ಕೊಡಬಲ್ಲದ್ದು ಹೆಚ್ಚೆಂದರೆ 18-20 ವ್ಯಾಟ್. ಸ್ಟೀರಿಯೊದ ಮೂತಿಯ ಮೇಲೆ 50x4 ಎಂದು ಬರೆದಿರುವುದು ದನಿ ಒಡೆದು ಚೂರಾದರೂ ಸರಿ, ಒಂದು ಕ್ಷಣಕ್ಕೆ ಎಷ್ಟು ಎಗರಬಹುದು ಎಂಬ ಲೆಕ್ಕ. ಸ್ಪೀಕರಿನ 300 ಅಂತೂ ಅದು ಕೊಡುವ ಶಕ್ತಿಯೇ ಅಲ್ಲ, ಕ್ಷಣಮಾತ್ರ ತಾಳಿಕೊಳ್ಳಬಲ್ಲೆ ಎಂದು ಕೊಚ್ಚಿಕೊಳ್ಳುವ ಮಾತು. ವ್ಯಾಟು ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದೂ ಇಲ್ಲ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಅಂಗಡಿಯ ಗಾಜಿನ ಬಾಗಿಲು ದಾಟಿದೊಡನೆ ಓದಿದ್ದೆಲ್ಲ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ.

ಅತ್ತೆಯ ಮಾತು ಚುಚ್ಚಿತ್ತಲ್ಲ, ಮುಂದಿನ ಭಾನುವಾರ ಅದೇ ಅಂಗಡಿಗೆ ಮತ್ತೆ ಹೋದೆ. ಬಾಸ್ ಇಲ್ಲ ಎಂದೆ. "ಬಾಸ್ ಟ್ಯೂಬ್ ಹಾಕ್ಬಿಡಿ ಸಾರ್" ಎಂದ ಹುಡುಗ. ಖಾಯಿಲೆ ಏನು ಎಂದು ಕೇಳದೆ ಟಾನಿಕ್ ಬರೆದುಕೊಡುವ ಡಾಕ್ಟರ ಹಾಗೆ. ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರಿನಂಥ ಉರುಟು ಡಬ್ಬವೊಂದು ಬಂದು ಮಲಗಿತು, ಅದಕ್ಕೊಂದು ಆಂಪ್ಲಿಫೈಯರ್, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಬೆರಳು ಗಾತ್ರದ ಕೆಂಪು ವೈರು. ಅಂದಿನಿಂದ ಊರಿನ ತೆಂಗಿನಕಾಯಿ ಮೂಟೆಗೆ ಡಿಕ್ಕಿಯಲ್ಲಿ ಜಾಗವಿಲ್ಲದೆ ಹಿಂದಿನ ಸೀಟಿಗೆ ಬಂತು, ಹಿಂದಿನ ಸೀಟಿನ ಮಕ್ಕಳು ಮೂಟೆಯ ಮೇಲಕ್ಕೆ ಬಂದರು.

ಸದ್ದೇನೋ ಬಂತು. ಎಂಥ ಸದ್ದು! ನನ್ನ ಹಿಂದಿನ ನಂಬರ್ ಪ್ಲೇಟು ಪ್ರತಿ ಏಟಿಗೂ ಗಿರ್ರ್ ಎಂದು ಉತ್ತರ ಕೊಡುತ್ತಿತ್ತು. ಡ್ಯಾಶ್‌ಬೋರ್ಡಿನ ಗಣಪತಿ ಭೂಕಂಪಕ್ಕೆ ಸಿಕ್ಕಿದವನಂತೆ ಮೆಲ್ಲಗೆ ಬಲಕ್ಕೆ ತಿರುಗಿ, ಎರಡು ಹಾಡು ಮುಗಿಯುವುದರೊಳಗೆ ನನಗೆ ಬೆನ್ನು ಹಾಕಿ ಕೂರುತ್ತಿದ್ದ. ಜೊತೆಗೆ ಇನ್ನೊಂದು ಹೊಸ ಅತಿಥಿ: ಹಾಡು ನಿಂತಾಗಲೂ ನಿಲ್ಲದ 'ಕುಂಯ್' ಎಂಬ ಸಣ್ಣ ರಾಗ. ಆಕ್ಸಿಲರೇಟರ್ ಒತ್ತಿದಂತೆಲ್ಲ ಅದರ ಸ್ಥಾಯಿ ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಮೂರನೇ ಗೇರಿನಲ್ಲಿ ಒಂದು ಶ್ರುತಿ, ನಾಲ್ಕರಲ್ಲಿ ಇನ್ನೊಂದು. ಅಂಥ ತಂಬೂರಿಯ ಜೊತೆ ಯಾವ ವಿದ್ವಾಂಸರು ಹಾಡಿಯಾರು?

ಅತ್ತೆಯನ್ನು ಮತ್ತೆ ಕೂರಿಸಿಕೊಂಡೆ. ಈ ಸಲ ಅವರು ಬೇಗ ತೀರ್ಪು ಕೊಟ್ಟರು. "ಅವಾಗ ಎಡಗೈ ಇರಲಿಲ್ಲ. ಈಗ ಹಿಂದೆ ಯಾರೋ ಅಕ್ಕಿಮೂಟೆ ಇಳಿಸ್ತಾ ಇದ್ದಾರೆ."

ನನಗೆ ಬುದ್ಧಿ ಬಂದದ್ದು ಆಮೇಲೆ, ಅದೂ ಜೆ.ಸಿ. ರಸ್ತೆಯಲ್ಲಿ. ಬೆಂಗಳೂರಿನವರಿಗೆ ಈ ರಸ್ತೆಯ ಪರಿಚಯ ಹೇಳಬೇಕಾಗಿಲ್ಲ. ಒಂದು ತುದಿಯಲ್ಲಿ ಪುರಭವನ, ಅದರ ಹತ್ತಿರವೇ 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ. ಅಲ್ಲಿಂದ ಮಿನರ್ವ ಸರ್ಕಲ್ಲಿನ ಕಡೆ ನಡೆದರೆ ಸಾಲು ಸಾಲಾಗಿ ಸೀಟ್ ಕವರ್, ಮ್ಯಾಟು, ಸನ್ ಫಿಲ್ಮ್, ಹಾರನ್ನು, ಸ್ಟೀರಿಯೊ. ಒಂದೇ ರಸ್ತೆಯಲ್ಲಿ ಒಂದು ಕಡೆ ಮೈಕು ಸರಿಯಿಲ್ಲವೆಂದು ನಟರು ಗೊಣಗುತ್ತಿರುತ್ತಾರೆ, ಇನ್ನೊಂದು ಕಡೆ ಸ್ಪೀಕರು ಸರಿಯಿಲ್ಲವೆಂದು ನಮ್ಮಂಥವರು. ಒಬ್ಬ ಗೆಳೆಯ ಅಡ್ಡರಸ್ತೆಯೊಂದರ ಒಬ್ಬ ಮುದುಕರ ಹತ್ತಿರ ಕಳಿಸಿದ. ಅಂಗಡಿಯೆಂದರೆ ಒಂದು ರೋಲಿಂಗ್ ಶಟರು, ಒಂದು ಸ್ಟೂಲು, ಗೋಡೆಗೆ ನೇತುಹಾಕಿದ ವೈರಿನ ಸುರುಳಿಗಳು, ಅಷ್ಟೇ. ಬೋರ್ಡು ಕೂಡ ಇಲ್ಲ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಚಾಚಾ ಸ್ಟೀರಿಯೊ ಹಾಕಿ ಹತ್ತು ಸೆಕೆಂಡು ಕೇಳಿದರು. ಬಾಸ್ ಟ್ಯೂಬಿನ ವೈರು ಕಿತ್ತು ಪಕ್ಕಕ್ಕಿಟ್ಟರು. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಒಂದೇ ಬಾಗಿಲು ಹಾಡುತ್ತಿದೆ, ಆದರೂ ಮೃದಂಗ ಮೊದಲಿಗಿಂತ ತುಂಬಿ ಬಂತು. ಬಲಕ್ಕೆ ತಿರುಗಿಸಿದರು, ಅಲ್ಲೂ ಹಾಗೇ. ನಡುವೆ ತಂದರು, ಎರಡೂ ಬಾಗಿಲು ಒಟ್ಟಿಗೆ ಹಾಡಿದೊಡನೆ ಎಡಗೈ ಮಾಯ. "ಒಂದು ಉಲ್ಟಾ ಐತೆ ಸಾರ್" ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ಮಗುವಿನಂತೆ ಬಗ್ಗಿ ನೋಡಿದೆ. ಶರ್ಟಿನ ಜೇಬಿನಿಂದ ಗಡಿಯಾರಕ್ಕೆ ಹಾಕುವ ಒಂದು ಪೆನ್ಸಿಲ್ ಸೆಲ್ಲು ತೆಗೆದರು, ಒಂದೂವರೆ ವೋಲ್ಟಿನದು. ಬಾಗಿಲ ಸ್ಪೀಕರಿನ ಎರಡು ವೈರನ್ನು ಬಿಚ್ಚಿ ಸೆಲ್ಲಿನ ಎರಡು ತುದಿಗೆ ಮುಟ್ಟಿಸಿದರು. 'ಟಕ್' ಎಂದು ಸ್ಪೀಕರಿನ ಕೋನು ಹೊಟ್ಟೆಯುಬ್ಬಿಸಿದಂತೆ ಒಂದು ಕೂದಲಷ್ಟು ಮುಂದಕ್ಕೆ ಬಂತು. ಇನ್ನೊಂದು ಬಾಗಿಲಿಗೆ ಹೋಗಿ ಅದೇ ವೈರಿಗೆ ಅದೇ ತುದಿ ಮುಟ್ಟಿಸಿದರು. 'ಟಕ್'. ಈ ಕೋನು ಒಳಕ್ಕೆ ಹೋಯಿತು. ಅಂಗಡಿಯ ಹುಡುಗ ಒಂದು ಬಾಗಿಲಲ್ಲಿ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ್ದ. ಒಂದು ಸ್ಪೀಕರು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತಿತ್ತು. ಒಂದು ಕೊಟ್ಟದ್ದನ್ನು ಇನ್ನೊಂದು ನುಂಗುತ್ತಿತ್ತು. ಮೇಲಿನ ಸ್ವರಗಳ ಅಲೆ ಗಿಡ್ಡ, ಅವು ಹೇಗೋ ನುಸುಳಿ ಬರುತ್ತವೆ. ಮಂದ್ರದ ಅಲೆ ಮೀಟರುಗಟ್ಟಲೆ ಉದ್ದ, ಅದು ಪೂರ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ಕಳೆದದ್ದು ಮೃದಂಗದವರ ಎಡಗೈ ಮಾತ್ರ ಎಂದು ಅತ್ತೆ ಗುರುತು ಹಿಡಿದದ್ದು ಎಷ್ಟು ಕರಾರುವಾಕ್ಕಾಗಿತ್ತು ಎಂದು ಆಗ ತಿಳಿಯಿತು. ವೈರು ತಿರುಗಿಸಿ ಹಾಕುವುದಕ್ಕೆ ಚಾಚಾ ತೆಗೆದುಕೊಂಡದ್ದು ಒಂದು ನಿಮಿಷ. ನಾನು ಅದಕ್ಕೆಂದು ಖರ್ಚು ಮಾಡಿದ್ದು ಬಾಸ್ ಟ್ಯೂಬು, ಆಂಪು, ಕೆಂಪು ವೈರು ಎಲ್ಲ ಸೇರಿ ಎಷ್ಟು ಎಂದು ಮನೆಯಲ್ಲಿ ಇನ್ನೂ ಹೇಳಿಲ್ಲ.

'ಕುಂಯ್' ಎನ್ನುವ ರಾಗದ ಮೂಲವನ್ನೂ ಹಿಡಿದರು. ಸ್ಟೀರಿಯೊದ ಅರ್ತು ಒಂದು ಕಡೆ, ಆಂಪಿನ ಅರ್ತು ಡಿಕ್ಕಿಯಲ್ಲಿ ಪೇಂಟಿನ ಮೇಲೇ ಬಿಗಿದ ಒಂದು ಸ್ಕ್ರೂಗೆ. ಹಾಡು ಹೊತ್ತ ವೈರು ಬೇರೆ ಕರೆಂಟು ಹೊತ್ತ ಕೆಂಪು ವೈರನ್ನು ತಬ್ಬಿಕೊಂಡು ಉದ್ದಕ್ಕೂ ಹೋಗಿತ್ತು. ಇಂಜಿನ್ನಿನ ಆಲ್ಟರ್ನೇಟರ್ ಮಾಡುವ ಗಲಾಟೆ ಆ ದಾರಿಯಿಂದ ಹಾಡಿನೊಳಗೆ ಹೊಕ್ಕು ಕೂತಿತ್ತು. ಇನ್ನೂ ಭಯದ ಮಾತೆಂದರೆ ಆ ಕೆಂಪು ವೈರಿಗೆ ಬ್ಯಾಟರಿಯ ಹತ್ತಿರ ಫ್ಯೂಸೇ ಇರಲಿಲ್ಲ. ಎಲ್ಲಾದರೂ ಸವೆದು ತಗಡಿಗೆ ತಾಗಿದ್ದರೆ ಡಬ್ಬದ ಮೇಲಿನ ಬೆಂಕಿಯ ಚಿತ್ರ ನಿಜವಾಗುತ್ತಿತ್ತು. "ಇದು ಬೇಕಾ ಸಾರ್ ನಿಮಗೆ?" ಎಂದು ಟ್ಯೂಬು ತೋರಿಸಿ ಕೇಳಿದರು. ಬೇಡ ಎಂದೆ. ವೈರು ಸಮೇತ ಬಿಚ್ಚಿ ಕೊಟ್ಟರು. ಈಗ ಅದು ನಮ್ಮ ಅಟ್ಟದ ಮೇಲೆ ಇತ್ತೀಚೆಗಷ್ಟೇ ಸೇರಿದ ಹಳೇ ಹಂಡೆಯ ಪಕ್ಕದಲ್ಲಿದೆ.

ನಿಜವಾದ ಕೆಲಸ ಆಮೇಲೆ ಶುರುವಾಯಿತು. ಚಾಚಾ ಬಾಗಿಲ ಒಳಮೈಯ ಪ್ಯಾಡು ಬಿಚ್ಚಿ ಒರಗಿಸಿ, ಹೊರ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು. 'ಡಣ್'. ಸೀಮೆಎಣ್ಣೆ ಡಬ್ಬದ ಸದ್ದು. "ನಿಮ್ಮ ಸ್ಪೀಕರಿಗೆ ಪೆಟ್ಟಿಗೆ ಇದೇ ಸಾರ್" ಎಂದರು. ನಾನು ಎಂದೂ ಹಾಗೆ ಯೋಚಿಸಿರಲಿಲ್ಲ. ಮನೆಯ ಸ್ಪೀಕರಿಗೆ ಮರದ ಗಟ್ಟಿ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಪೆಟ್ಟಿಗೆಯೆಂದರೆ ಬಾಗಿಲೇ. ಅದೂ ಎಂಥ ಪೆಟ್ಟಿಗೆ? ಒಂದು ಕಡೆ ಉಗುರಿನಷ್ಟೂ ದಪ್ಪವಿಲ್ಲದ ತಗಡು, ಇನ್ನೊಂದು ಕಡೆ ರಿಪೇರಿಯವರ ಕೈ ತೂರಲೆಂದು ಬಿಟ್ಟ ದೊಡ್ಡ ದೊಡ್ಡ ಕಿಂಡಿಗಳು, ಕಿಂಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಕೋನು ಮುಂದಕ್ಕೆ ತಳ್ಳಿದಾಗ ಹಿಂದೆ ಗಾಳಿ ಎಳೆಯುತ್ತದಲ್ಲ, ಆ ಹಿಂದಿನ ಅಲೆ ಇದೇ ಕಿಂಡಿಗಳಿಂದ ಹೊರಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಎರಡು ಬಾಗಿಲ ನಡುವೆ ನಡೆಯುತ್ತಿದ್ದ ಜಗಳ ತೀರಿದ ಮೇಲೂ ಪ್ರತಿ ಬಾಗಿಲೂ ತನ್ನೊಳಗೇ ಜಗಳವಾಡುತ್ತಿತ್ತು.

ಬಾಗಿಲ ತಳದಲ್ಲಿ ಸಿಕ್ಕಿದ್ದು: ಹಳೆಯ ಸ್ಪೀಕರ್ ಹಾಕಿದವರು ಬೀಳಿಸಿದ ಎರಡು ಸ್ಕ್ರೂ, ಒಂದು ಐವತ್ತು ಪೈಸೆ, ನನ್ನ ಮಗಳು ಐದನೇ ಕ್ಲಾಸಿನಲ್ಲಿ ಕಳೆದುಕೊಂಡೆನೆಂದು ಅತ್ತಿದ್ದ ಕೂದಲ ಕ್ಲಿಪ್ಪು.

ಚಾಚಾ ತಗಡನ್ನು ಒರೆಸಿ, ಧೂಳು ಜಿಡ್ಡು ತೆಗೆದು, ಕಪ್ಪು ರಬ್ಬರಿನ ಒಂದು ಹಾಳೆ ಬಿಚ್ಚಿದರು. ಡ್ಯಾಂಪಿಂಗ್ ಶೀಟು. ಒಂದು ಮೈ ಅಂಟು, ಇನ್ನೊಂದು ಮೈಗೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ. ಹೊರ ತಗಡಿನ ನಡುಭಾಗಕ್ಕೆ ಅಂಟಿಸಿ, ಸಣ್ಣ ರೋಲರಿನಿಂದ ಚಪಾತಿ ಲಟ್ಟಿಸಿದಂತೆ ಒತ್ತಿದರು. ಇಡೀ ತಗಡು ಮುಚ್ಚಬೇಕಾಗಿಲ್ಲವಂತೆ, ನಡುಕ ಹೆಚ್ಚಿರುವ ಜಾಗ ಹಿಡಿದರೆ ಸಾಕು. ಒಳಗಿನ ಕಿಂಡಿಗಳನ್ನೂ ಅದೇ ಹಾಳೆಯಿಂದ ಮುಚ್ಚಿದರು. ತಳದ ನೀರಿನ ತೂತುಗಳನ್ನು ಮಾತ್ರ ಮುಟ್ಟಲಿಲ್ಲ. ಮಳೆ ನೀರು ಕಿಟಕಿಯ ಗಾಜು ಹಿಡಿದು ಬಾಗಿಲೊಳಗೆ ಇಳಿಯುತ್ತದೆ, ಹೋಗಲು ದಾರಿ ಬೇಕು, ಇಲ್ಲದಿದ್ದರೆ ಬಾಗಿಲು ತುಕ್ಕು ಹಿಡಿದು ಹೋಗುತ್ತದೆ. ಮತ್ತೆ ತಟ್ಟಿದರು. 'ಧಪ್'. ಡಬ್ಬ ಹೋಗಿ ಹಲಗೆ ಬಂದಿತ್ತು.

ಆ 'ಧಪ್' ಕೇಳಿದಾಗ ನನಗೆ ನೆನಪಾದದ್ದು ಕಛೇರಿ ಶುರುವಾಗುವ ಮುನ್ನ ವೇದಿಕೆಯ ಅಂಚಿನಲ್ಲಿ ನಡೆಯುವ ಒಂದು ಕೆಲಸ. ಮೃದಂಗದವರು ಪುಟ್ಟ ಬಟ್ಟಲಿನಲ್ಲಿ ರವೆ ಕಲಸಿ, ಅದರ ಕಣಕವನ್ನು ಎಡಗಡೆಯ ಚರ್ಮದ ನಡುವಿಗೆ ಮೆತ್ತುತ್ತಾರೆ. ಬೆರಳಲ್ಲಿ ಹರಡಿ, ತಟ್ಟಿ, ಕಿವಿಗೊಟ್ಟು, ಇನ್ನೊಂದು ಚೂರು ಹಚ್ಚಿ, ಹೆಚ್ಚಾಯಿತೆಂದು ಉಗುರಿನಿಂದ ಒಂದಿಷ್ಟು ತೆಗೆದು, ಮತ್ತೆ ತಟ್ಟುತ್ತಾರೆ. ಬರೀ ಚರ್ಮ ಇದ್ದಾಗ ಅದು ಚಪ್ಪಟೆಯಾಗಿ ಅರಚುತ್ತದೆ. ಮೇಲೆ ತೂಕ ಕೂತೊಡನೆ ನಡುಕ ನಿಧಾನವಾಗಿ, ದನಿ ಮಂದ್ರಕ್ಕಿಳಿದು, ಗುಮ್ಮೆನ್ನುತ್ತದೆ. ಕಛೇರಿ ಮುಗಿದ ಮೇಲೆ ಕೆರೆದು ತೆಗೆದುಬಿಡುತ್ತಾರೆ. ನಮ್ಮವರು ಇದನ್ನು ಎಷ್ಟು ಕಾಲದಿಂದ ಮಾಡುತ್ತಿದ್ದಾರೋ! ತಗಡಿಗೆ ರಬ್ಬರು ಮೆತ್ತುವುದು ಅದರ ತಮ್ಮ, ಕೆರೆದು ತೆಗೆಯುವಂತಿಲ್ಲ ಅಷ್ಟೇ.

ಸದ್ದು ಹೆಚ್ಚಿಸುವುದಕ್ಕೂ ದನಿ ತುಂಬುವುದಕ್ಕೂ ಇರುವ ವ್ಯತ್ಯಾಸ ನಮ್ಮ ನಾಡಿನ ವಾದ್ಯಗಾರರಿಗೆ ಚೆನ್ನಾಗಿ ಗೊತ್ತಿತ್ತು. ಮೈಕು ಇಲ್ಲದ ದಿನಗಳಲ್ಲಿ ಪಿಟೀಲು ಕೊನೆಯ ಸಾಲಿಗೆ ತಲುಪುವುದಿಲ್ಲವೆಂದು ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾಡಿಕೊಂಡರು. ಕಮಾನನ್ನು ಜೋರಾಗಿ ಉಜ್ಜುವುದು ಅವರಿಗೆ ಪರಿಹಾರವಾಗಿ ಕಾಣಲಿಲ್ಲ. ಬೆಂಗಳೂರಿನ ವೈಯಾಲಿಕಾವಲ್ ಕಡೆ ಅವರ ಹೆಸರಿನಲ್ಲಿರುವ ಪಿಟೀಲಿನಾಕಾರದ ಸಭಾಂಗಣ ನೋಡಿದರೆ ಅದರ ಮೇಲೂ ಏಳು ತಂತಿ ಇವೆ, ಎಣಿಸಿ ಬೇಕಾದರೆ.

ಕಾಸು ಕೊಡದೆ ಮಾಡಿದ ಎರಡು ಕೆಲಸಗಳೂ ಇವೆ. ಹಿಂದಿನ ಸ್ಪೀಕರುಗಳ ದನಿಯನ್ನು ಚಾಚಾ ಬಹುಪಾಲು ಇಳಿಸಿಬಿಟ್ಟರು. "ಹಾಡೋರು ಮುಂದೆ ಕೂರ್ತಾರೋ ಹಿಂದೆ ಕೂರ್ತಾರೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಇಷ್ಟು ವರ್ಷ ನಾನು ಗಾಯಕರಿಗೆ ಬೆನ್ನು ಹಾಕಿ ಕೂತು ಕೇಳುತ್ತಿದ್ದೆ. ಇನ್ನೊಂದು, ನಾವು ಬಲಗಡೆ ಕೂತು ಓಡಿಸುವವರು. ಬಲಬಾಗಿಲ ಸ್ಪೀಕರು ಮೊಣಕಾಲಿಗೆ ತಾಗುತ್ತದೆ, ಎಡಬಾಗಿಲದ್ದು ಅಷ್ಟು ದೂರ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಹೋಗುವುದು 34 ಸೆಂಟಿಮೀಟರ್ ಮಾತ್ರ. ಮೊದಲು ಬಂದ ದನಿಯ ಕಡೆಗೇ ಕಿವಿ ವಾಲುತ್ತದೆ, ಹಾಗಾಗಿ ಹಾಡುವವರೆಲ್ಲ ನನ್ನ ಮೊಣಕಾಲ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಂತೆ ಕೇಳುತ್ತಿದ್ದರು. ದುಬಾರಿ ಸ್ಟೀರಿಯೊಗಳಲ್ಲಿ ಹತ್ತಿರದ ಸ್ಪೀಕರನ್ನು ಒಂದೆರಡು ಮಿಲಿಸೆಕೆಂಡು ತಡಮಾಡಿಸುವ ವ್ಯವಸ್ಥೆ ಇದೆ. ನನ್ನದರಲ್ಲಿ ಇಲ್ಲ. ಬ್ಯಾಲೆನ್ಸನ್ನು ಎರಡು ಗೆರೆ ಎಡಕ್ಕೆ ಸರಿಸಿದೆವು. ಗಾಯಕರು ಎದ್ದು ಡ್ಯಾಶ್‌ಬೋರ್ಡಿನ ಮೇಲೆ, ಗಣಪತಿಯ ಹತ್ತಿರ ಹೋಗಿ ಕೂತರು. ಪೂರ್ತಿ ನಡುವಿಗೆ ಬಂದರೆನ್ನಲಾರೆ, ಆದರೂ ಸರಿಯಾದ ಜಾಗವೇ.

ಇಷ್ಟಾದರೂ ಕಾರು ಕಛೇರಿಯ ಹಾಲ್ ಆಗುವುದಿಲ್ಲ. 1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ತನ್ನ ಕಾರಿಗೆ ರೇಡಿಯೊ ಕಟ್ಟಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ಸಮ್ಮೇಳನದ ಹೊರಗೆ ನಿಲ್ಲಿಸಿ ಹಾಡಿಸಿದಾಗ, ಮೋಟರೋಲ ಎಂಬ ಹೆಸರು ಹುಟ್ಟಿದ ಆ ದಿನಗಳಲ್ಲಿ, ಅವನ ಜನ ಹೆಣಗಿದ್ದೇ ಸ್ಪಾರ್ಕ್ ಪ್ಲಗ್ಗಿನ ಕರಕರ ಅಡಗಿಸಲು. ಇವತ್ತು ಇಂಜಿನ್ ಮೆತ್ತಗಾಗಿದೆ, ಟೈರಿನ ಸದ್ದು ಉಳಿದಿದೆ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ ಹತ್ತಿದೊಡನೆ ಟೈರು ಒಂದೇ ಸಮನೆ ಮೊರೆಯತೊಡಗುತ್ತದೆ, ತಂಬೂರಿ ಮುಳುಗುತ್ತದೆ. ಡಾಂಬರಿಗೆ ಇಳಿದರೆ ಮತ್ತೆ ತೇಲುತ್ತದೆ. ಟೈರಿಗೆ ಸರಿಯಾಗಿ ಗಾಳಿ ತುಂಬಿಸುವುದು, ಸವೆದ ಬಾಗಿಲ ರಬ್ಬರು ಬದಲಿಸುವುದು ಇವೂ ಸಂಗೀತ ಸೇವೆಯೇ ಎಂದು ಈಗ ನನ್ನ ಅಭಿಪ್ರಾಯ. ಹಾಡಿನ ಫೈಲಿನದೂ ಒಂದು ಮಾತು: ವಾಟ್ಸ್ಯಾಪಿನಲ್ಲಿ ಹತ್ತು ಕೈ ದಾಟಿ ಬಂದ ಹಾಡು ಹತ್ತು ಸಲ ಒಗೆದ ಸೀರೆಯಂತೆ, ಬಣ್ಣ ಬಿಟ್ಟಿರುತ್ತದೆ. ಅತ್ತೆಯ ಸಿ.ಡಿ.ಗಳನ್ನೇ ನಾನು ಪೆನ್ ಡ್ರೈವಿಗೆ ಇಳಿಸಿಕೊಂಡೆ. ಅವರ ಹತ್ತಿರದ ಕ್ಯಾಸೆಟ್ಟುಗಳ ಕಥೆ ಬೇರೆ. 1978ರ 'ನಿತ್ಯೋತ್ಸವ' ಅವರ ಬೀರುವಿನಲ್ಲಿ ಇನ್ನೂ ಇದೆ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು. ಅದನ್ನು ಕಾರಿಗೆ ಕೊಡಲು ಅವರು ಒಪ್ಪಿಲ್ಲ, ಬಿಸಿಲಿಗೆ ಡೊಂಕಾಗುತ್ತದಂತೆ.

ಎರಡು ಬಾಗಿಲಿಗೆ ಶೀಟು, ಕೂಲಿ ಎಲ್ಲ ಸೇರಿ ಚಾಚಾ ತೆಗೆದುಕೊಂಡದ್ದು ಮೂರು ಸಾವಿರದ ಚಿಲ್ಲರೆ. ಸ್ಪೀಕರು ಅದೇ 300 ವ್ಯಾಟಿನ ಬೆಂಕಿ ಡಬ್ಬದ್ದು, ಸ್ಟೀರಿಯೊ ಹಳೆಯದೇ.

ಮತ್ತೆ ಹಲ್ಲಿನ ಡಾಕ್ಟರ ಸರದಿ ಬಂತು. ಅತ್ತೆ ಹತ್ತಿ ಬಾಗಿಲು ಹಾಕಿಕೊಂಡರು. 'ಧಪ್' ಎಂದಿತು. "ಕಾರು ಬದಲಾಯಿಸಿದ್ಯೇನೋ?" ಎಂದರು. ಇಲ್ಲ ಅತ್ತೆ ಎಂದು ಅದೇ ಕಛೇರಿ, ಅದೇ ತನಿ ಹಾಕಿದೆ. ಪಶ್ಚಿಮ ದ್ವಾರದ ಸಿಗ್ನಲ್ ಬಂತು, ಹೋಯಿತು. ಅವರು ಏನೂ ಅನ್ನಲಿಲ್ಲ. ತೊಡೆಯ ಮೇಲಿನ ತಾಳ ನಿಲ್ಲಲಿಲ್ಲ. ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡಲು ಕೈ ಹಾಕಿದೆ. "ಇರು, ಮುಗೀಲಿ" ಎಂದರು. ಡಾಕ್ಟರಿಗೆ ಏಳು ನಿಮಿಷ ತಡವಾಯಿತು.

ಹಿಂದಿನ ಎರಡು ಬಾಗಿಲಿಗೆ ಇನ್ನೂ ಶೀಟು ಹಾಕಿಸಿಲ್ಲ. ತಟ್ಟಿದರೆ ಇವತ್ತಿಗೂ 'ಡಣ್' ಎನ್ನುತ್ತವೆ. ನಿಮ್ಮ ಕಾರಿನದೂ ಹಾಗೇ ಎಂದಿದ್ದರೆ, ಅಂಗಡಿಗೆ ಹೋಗುವ ಮೊದಲು ಗಡಿಯಾರದ ಸೆಲ್ಲು ಬಿಚ್ಚಿ ಒಮ್ಮೆ ಸ್ಪೀಕರಿಗೆ ಮುಟ್ಟಿಸಿ ನೋಡಿ.